ಮನಿ ಪ್ಲಾಂಟ್ ಬೆಳೆಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮನಿ ಪ್ಲಾಂಟ್ ಅಂದ ಕೂಡಲೇ ಬಾಟಲಿಯಿಂದ ಇಳಿಬಿದ್ದ ನಾಲ್ಕೈದು ಎಲೆ ಕಣ್ಣಮುಂದೆ ಬರುತ್ತದೆ. ಅದು ಈ ಗಿಡದ ಎಳೆತನ ಅಷ್ಟೇ. ಒಳ್ಳೆಯ ಮರ ಸಿಕ್ಕರೆ ಇದೇ ಬಳ್ಳಿ 20 ಮೀಟರ್ ತನಕ ಏರುತ್ತದೆ. ಆಗ ಒಂದೊಂದು ಎಲೆ 1 ಮೀಟರ್ ಉದ್ದಕ್ಕೂ ಬರಬಹುದು. ‘ಏನು ಮಾಡಿದರೂ ಸಾಯಲ್ಲ’ ಅನ್ನುವ ಹೆಸರೇ ಇದಕ್ಕೆ ಮುಳುವಾಗಿದೆ. ಹೇಗೂ ಬದುಕುತ್ತದೆ ಅಂತ ಕತ್ತಲ ಮೂಲೆಗೆ ತಳ್ಳಿಬಿಡುತ್ತೇವೆ. ಬದುಕೇನೋ ಇರುತ್ತದೆ, ಬೆಳೆಯುವುದಿಲ್ಲ. ಇದು ಹತ್ತುವ ಬಳ್ಳಿ. ಇದನ್ನು ಹತ್ತಲು ಬಿಡಬೇಕು. ಕೆಳಗಿನ ಬಹುಪಾಲು ಉತ್ತರಗಳು ಈ ಮಾತಿನ ಸುತ್ತಲೇ ತಿರುಗುತ್ತವೆ.

ಮನಿ ಪ್ಲಾಂಟ್, ಪೋಥೋಸ್, ಡೆವಿಲ್ಸ್ ಐವಿ ಎಲ್ಲ ಒಂದೇನಾ?

ಹೌದು, ಒಂದೇ ಗಿಡ. ಈಗಿನ ಸಸ್ಯಶಾಸ್ತ್ರದ ಹೆಸರು ಎಪಿಪ್ರೆಮ್ನಮ್ ಆರಿಯಮ್. ಎಪಿಪ್ರೆಮ್ನಮ್ ಅಂದರೆ ಗ್ರೀಕ್ ಭಾಷೆಯಲ್ಲಿ ‘ಮರದ ಬೊಡ್ಡೆಯ ಮೇಲೆ’ ಎಂದರ್ಥ. ಆರಿಯಮ್ ಅಂದರೆ ಲ್ಯಾಟಿನ್‌ನಲ್ಲಿ ಹೊನ್ನಿನ ಬಣ್ಣದ್ದು. ಎಲ್ಲಿ ಬೆಳೆಯಬೇಕು ಅನ್ನುವುದು ಹೆಸರಿನಲ್ಲೇ ಇದೆ ನೋಡಿ.

1880ರಲ್ಲಿ ಇದನ್ನು ಮೊದಲು ವಿವರಿಸಿದಾಗ ಪೋಥೋಸ್ ಆರಿಯಸ್ ಅಂತ ಕರೆದರು. ಆಮೇಲೆ ಸಿಂಡಾಪ್ಸಸ್ ಆಯಿತು, ರಾಫಿಡೋಫೋರಾ ಆಯಿತು, ಕೊನೆಗೆ ಎಪಿಪ್ರೆಮ್ನಮ್‌ಗೆ ಬಂದು ನಿಂತಿತು. ಹೂವು ಬಿಡುವುದೇ ಅಪರೂಪವಾದ್ದರಿಂದ ಇದು ಯಾವ ಗುಂಪಿನದು ಅಂತ ತೀರ್ಮಾನಿಸುವುದು ಕಷ್ಟವಾಗಿತ್ತು. ಹಳೆಯ ಹೆಸರು ಮಾತ್ರ ಜನರ ಬಾಯಲ್ಲಿ ಉಳಿದುಕೊಂಡಿದೆ. ಕೆಸು, ಆಂಥೂರಿಯಂ, ಮಾನ್ಸ್ಟೆರಾ ಎಲ್ಲ ಇದರ ಕುಟುಂಬದವೇ.

ಇದರ ಮೂಲ ಎಲ್ಲಿ?

ಪೆಸಿಫಿಕ್ ಸಾಗರದ ಫ್ರೆಂಚ್ ಪಾಲಿನೇಷ್ಯಾದಲ್ಲಿರುವ ಮೊರೆಯಾ ಎಂಬ ಪುಟ್ಟ ದ್ವೀಪ. ಇವತ್ತು ಬೆಚ್ಚಗಿನ ನಾಡುಗಳಲ್ಲೆಲ್ಲ ಸಿಗುತ್ತದೆ.

ನನ್ನ ಹತ್ತಿರ ಇರೋದು ಮನಿ ಪ್ಲಾಂಟಾ, ಫಿಲೋಡೆಂಡ್ರಾನಾ? ಎರಡೂ ಒಂದೇ ಥರ ಕಾಣುತ್ತೆ.

ಹೃದಯದ ಆಕಾರದ ಎಲೆಯ ಫಿಲೋಡೆಂಡ್ರಾನ್ ನೋಡಿ ಬಹಳ ಜನ ಮೋಸಹೋಗುತ್ತಾರೆ. ಹೊಸ ಎಲೆ ಬರುವ ಜಾಗ ನೋಡಿದರೆ ತಕ್ಷಣ ಗೊತ್ತಾಗುತ್ತದೆ. ಫಿಲೋಡೆಂಡ್ರಾನ್‌ನ ಹೊಸ ಎಲೆ ಒಂದು ತೆಳುವಾದ ಪೊರೆಯೊಳಗಿಂದ ಬರುತ್ತದೆ. ಎಲೆ ಬಿಚ್ಚಿಕೊಂಡ ಮೇಲೆ ಆ ಪೊರೆ ಒಣಗಿ ಉದುರುತ್ತದೆ. ಮನಿ ಪ್ಲಾಂಟ್‌ನಲ್ಲಿ ಆ ಪೊರೆ ಇಲ್ಲ. ಹಿಂದಿನ ಎಲೆಯ ತೊಟ್ಟಿನ ಮಡಿಲಿನಿಂದಲೇ ಹೊಸ ಎಲೆ ಸುರುಳಿಯಾಗಿ ಹೊರಬರುತ್ತದೆ.

ಇನ್ನೊಂದು ಗುರುತು ಬೆರಳಿಗೆ ಸಿಗುತ್ತದೆ. ಮನಿ ಪ್ಲಾಂಟ್ ಎಲೆಯ ತೊಟ್ಟನ್ನು ಮೇಲಿನಿಂದ ಸವರಿ ನೋಡಿ. ಉದ್ದಕ್ಕೂ ಒಂದು ಸಣ್ಣ ಕಾಲುವೆ ಇರುತ್ತದೆ. ಫಿಲೋಡೆಂಡ್ರಾನ್ ತೊಟ್ಟು ದುಂಡಗೆ, ನುಣುಪಾಗಿರುತ್ತದೆ. ಆರೈಕೆ ಎರಡಕ್ಕೂ ಹೆಚ್ಚುಕಮ್ಮಿ ಒಂದೇ, ಆದ್ದರಿಂದ ತಲೆಕೆಡಿಸಿಕೊಳ್ಳಬೇಡಿ.

ಎಷ್ಟೋ ವರ್ಷದಿಂದ ಇದೆ, ಎಲೆ ಮಾತ್ರ ದೊಡ್ಡದಾಗ್ತಾನೇ ಇಲ್ಲ. ಯಾಕೆ?

ಎಲ್ಲರೂ ಕೇಳುವ ಪ್ರಶ್ನೆ ಇದು. ಗೊಬ್ಬರ ಹಾಕಿ, ಕುಂಡ ಬದಲಿಸಿ, ಏನೇನೋ ಮಾಡಿರುತ್ತಾರೆ. ಬಳ್ಳಿ ಮಾತ್ರ ಕೆಳಗೆ ಇಳಿಬಿದ್ದೇ ಇರುತ್ತದೆ. ತೊಂದರೆ ಇರುವುದು ಅಲ್ಲೇ.

ಕಾಡಿನಲ್ಲಿ ಈ ಬಳ್ಳಿ ಮೊದಲು ನೆಲದ ಮೇಲೆ ಹರಿದಾಡುತ್ತದೆ. ಅಲ್ಲಿ ನೆರಳು ಜಾಸ್ತಿ, ಎಲೆ ಸಣ್ಣದು. ಮರ ಸಿಕ್ಕ ಮೇಲೆ ಗೆಣ್ಣುಗಳಿಂದ ಬರುವ ಬೇರು ತೊಗಟೆಯನ್ನು ಕಚ್ಚಿ ಹಿಡಿಯುತ್ತದೆ. ಮೇಲೆ ಹೋದಷ್ಟೂ ಬೆಳಕು ಸಿಗುತ್ತದೆ, ಕಾಂಡ ದಪ್ಪವಾಗುತ್ತದೆ, ಎಲೆ ಅಗಲವಾಗುತ್ತ ಹೋಗುತ್ತದೆ. ಪೂರ್ತಿ ಬಲಿತ ಎಲೆ ಅಂಚಿನಿಂದ ನಡುವಿನ ತನಕ ಸೀಳಿಕೊಂಡಿರುತ್ತದೆ, ಮಾನ್ಸ್ಟೆರಾ ಎಲೆಯ ಹಾಗೆ. ಮೊದಲ ಸಲ ನೋಡಿದವರು ಇದು ಮನಿ ಪ್ಲಾಂಟ್ ಅಂದರೆ ನಂಬುವುದಿಲ್ಲ.

ಬಳ್ಳಿ ಇಳಿಬಿದ್ದರೆ ಇದೆಲ್ಲ ತಿರುಗುಮುರುಗಾಗುತ್ತದೆ. ಆಸರೆ ಕಳೆದುಕೊಂಡೆ ಅಂತ ಅದು ಮತ್ತೆ ಹುಡುಕಾಟಕ್ಕೆ ಇಳಿಯುತ್ತದೆ. ಗೆಣ್ಣಿನಿಂದ ಗೆಣ್ಣಿಗೆ ಅಂತರ ಉದ್ದವಾಗುತ್ತದೆ, ಎಲೆ ಕಿರಿದಾಗುತ್ತದೆ. ನನ್ನ ಹತ್ತಿರ ಒಂದೇ ತಾಯಿಬಳ್ಳಿಯ ಎರಡು ತುಂಡುಗಳಿವೆ. ಒಂದನ್ನು ತೂಗುಕುಂಡದಲ್ಲಿ ಇಟ್ಟೆ, ಇನ್ನೊಂದನ್ನು ಕಂಬಕ್ಕೆ ಹತ್ತಿಸಿದೆ. ಮಣ್ಣು ಒಂದೇ, ಕಿಟಕಿ ಒಂದೇ. ಎರಡನೇ ವರ್ಷಕ್ಕೆ ತೂಗುಕುಂಡದ ಎಲೆ ನನ್ನ ಅಂಗೈಗಿಂತ ಚಿಕ್ಕದು. ಕಂಬದ ಮೇಲಿನ ಎಲೆಯನ್ನು ಮುಚ್ಚಲು ನನ್ನ ಎರಡು ಕೈಯೂ ಬೇಕು.

ಹಾಗಾದರೆ ಕಂಬಕ್ಕೆ ಹತ್ತಿಸೋದು ಹೇಗೆ?

ಕಂಬ ಒರಟಾಗಿರಬೇಕು, ತೇವ ಹಿಡಿದಿಟ್ಟುಕೊಳ್ಳಬೇಕು. ಎರಡರಲ್ಲಿ ತೇವವೇ ಮುಖ್ಯ. ನುಣುಪಾದ ಪೈಪು ಇಟ್ಟು ದಾರದಿಂದ ಬಿಗಿದರೆ ಬಳ್ಳಿ ನೆಟ್ಟಗೆ ನಿಲ್ಲುತ್ತದೆ, ಆದರೆ ಬೇರು ಅದನ್ನು ಹಿಡಿಯಲಾರದು. ತೆಂಗಿನ ನಾರು ಸುತ್ತಿದ ಕಂಬ, ಪಾಚಿ ತುಂಬಿದ ಮಾಸ್ ಪೋಲ್, ಒರಟು ತೊಗಟೆಯ ಮರದ ಹಲಗೆ, ಯಾವುದಾದರೂ ಸರಿ. ಪಾಚಿಯಲ್ಲಿ ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ನಾರು ಬೇಗ ಒಣಗುತ್ತದೆ, ಅದಕ್ಕೆ ದಿನಾ ನೀರು ಚಿಮುಕಿಸಬೇಕು.

ಗಿಡ ನೆಡುವಾಗಲೇ ಕಂಬವನ್ನೂ ಇಡಿ. ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಬಳ್ಳಿಯ ಗೆಣ್ಣು ನೋಡಿ, ಒಂದು ಬದಿಯಲ್ಲಿ ಕಂದು ಬಣ್ಣದ ಮೊಳೆಯಂಥ ಗುಬುಟು ಇರುತ್ತದೆ. ಅದೇ ಬೇರಿನ ಮೊಳಕೆ. ಆ ಬದಿ ಕಂಬಕ್ಕೆ ತಾಗಬೇಕು, ಎಲೆಗಳು ಹೊರಗೆ ಮುಖ ಮಾಡಿರಬೇಕು. ಗೆಣ್ಣುಗಳ ನಡುವೆ ಬಟ್ಟೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ತಂತಿ ಬೇಡ. ಒಮ್ಮೆ ತೆಳು ತಂತಿಯಿಂದ ಬಿಗಿಯಾಗಿ ಕಟ್ಟಿದ್ದೆ. ಕಾಂಡ ದಪ್ಪವಾಗುತ್ತ ತಂತಿ ಒಳಗೆ ಕೊರೆದುಕೊಂಡು ಹೋಯಿತು, ಅಲ್ಲಿಂದ ಮೇಲಿನ ಭಾಗ ಪೂರ್ತಿ ಸೊರಗಿತು.

ಕಂಬ ತೇವವಾಗಿದ್ದರೆ ಕೆಲವು ವಾರಗಳಲ್ಲಿ ಗುಬುಟು ಬಿರಿದು ಬಿಳಿ ಬೇರು ಹೊರಬರುತ್ತದೆ. ಮೊದಲು ತುದಿ ಮಾತ್ರ ನಾರಿಗೆ ತಾಗುತ್ತದೆ. ಆಮೇಲೆ ಚಪ್ಪಟೆಯಾಗಿ ಒತ್ತಿಕೊಂಡು ನಾರಿನ ಎಳೆಗಳ ನಡುವೆ ನುಸುಳುತ್ತದೆ. ಬಳ್ಳಿಯನ್ನು ಮೆಲ್ಲಗೆ ಎಳೆದು ನೋಡಿ. ಜಗ್ಗದಿದ್ದರೆ ಕಟ್ಟು ಬಿಚ್ಚಬಹುದು. ಆಮೇಲಿನ ಎಲೆಗಳು ಒಂದಕ್ಕಿಂತ ಒಂದು ದೊಡ್ಡದಾಗಿ ಬರುವುದನ್ನು ನೋಡುವುದೇ ಖುಷಿ. ಮನೆಯೊಳಗೆ ಸೀಳಿದ ಎಲೆ ಬರುವುದು ಕಷ್ಟ. ಅದಕ್ಕೆ ಎತ್ತರ, ಬೆಳಕು, ತೇವ ಮೂರೂ ಚೆನ್ನಾಗಿ ಸಿಗಬೇಕು, ವರ್ಷಗಟ್ಟಲೆ ಕಾಯಬೇಕು.

ಬೆಳಕು ಎಷ್ಟು ಬೇಕು? ನೆರಳಲ್ಲೂ ಬೆಳೆಯುತ್ತೆ ಅಂತಾರಲ್ಲ?

ನೆರಳಲ್ಲಿ ಬದುಕುತ್ತದೆ. ಚೆನ್ನಾಗಿ ಬೆಳೆಯಬೇಕಾದರೆ ಕಿಟಕಿಯ ಪಕ್ಕದ ಬೆಳಕು ಬೇಕು. ನೇರ ಬಿಸಿಲು ಬೇಡ, ಮಧ್ಯಾಹ್ನದ ಬಿಸಿಲಂತೂ ಎಲೆಯನ್ನು ಸುಡುತ್ತದೆ. ಸುಟ್ಟ ಜಾಗ ಬಿಳಿಚಿಕೊಂಡು ಆಮೇಲೆ ಕಂದಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಬೆಳಗಿನ ಎಳೆಬಿಸಿಲು ಒಂದೆರಡು ಗಂಟೆ ಬಿದ್ದರೆ ಒಳ್ಳೆಯದೇ.

ಸುಲಭದ ಪರೀಕ್ಷೆ ಒಂದಿದೆ. ಹಗಲಿನಲ್ಲಿ ಗಿಡ ಇಡುವ ಜಾಗದಲ್ಲಿ ಕೈ ಅಡ್ಡ ಹಿಡಿಯಿರಿ. ಮಸುಕಾದ ನೆರಳು ಬಿದ್ದರೆ ಜಾಗ ಚೆನ್ನಾಗಿದೆ. ನೆರಳೇ ಬೀಳದಿದ್ದರೆ ಅಲ್ಲಿ ಗಿಡ ಸುಮ್ನೆ ಉಸಿರು ಹಿಡಿದುಕೊಂಡು ಇರುತ್ತದೆ ಅಷ್ಟೇ.

ಎಲೆಯ ಮೇಲಿದ್ದ ಹಳದಿ, ಬಿಳಿ ಪಟ್ಟೆ ಹೋಗಿ ಪೂರ್ತಿ ಹಸಿರಾಗ್ತಿದೆ. ಏನು ಮಾಡಲಿ?

ಪಟ್ಟೆ ಇರುವ ಭಾಗದಲ್ಲಿ ಪತ್ರಹರಿತ್ತು ಕಡಿಮೆ. ಬೆಳಕು ಸಾಲದಿದ್ದಾಗ ಹಸಿರು ಜಾಸ್ತಿ ಇರುವ ಕುಡಿಗಳೇ ಜೋರಾಗಿ ಬೆಳೆದು ಉಳಿದವನ್ನು ಹಿಂದಕ್ಕೆ ತಳ್ಳುತ್ತವೆ. ಹಾಗಾಗಿ ಮೊದಲು ಬೆಳಕು ಹೆಚ್ಚಿಸಿ. ಆಮೇಲೆ ಪೂರ್ತಿ ಹಸಿರಾದ ಕುಡಿಯನ್ನು, ಚೆನ್ನಾಗಿ ಪಟ್ಟೆ ಇರುವ ಎಲೆಯ ಗೆಣ್ಣಿನ ತನಕ ಕತ್ತರಿಸಿ. ಅಲ್ಲಿಂದ ಹೊಸ ಕುಡಿ ಪಟ್ಟೆಯೊಂದಿಗೆ ಬರುವ ಸಾಧ್ಯತೆ ಹೆಚ್ಚು. ಈಗಾಗಲೇ ಹಸಿರಾದ ಎಲೆಗೆ ಪಟ್ಟೆ ಮತ್ತೆ ಬರುವುದಿಲ್ಲ.

ಬಿಳಿ ಜಾಸ್ತಿ ಇರುವ ಮಾರ್ಬಲ್ ಕ್ವೀನ್, ಎನ್‌ಜಾಯ್ ತಳಿಗಳು ನಿಧಾನವಾಗಿ ಬೆಳೆಯುತ್ತವೆ. ಅವಕ್ಕೆ ಬೆಳಕೂ ಹೆಚ್ಚು ಬೇಕು. ನಿಯಾನ್ ತಳಿಯ ಎಲೆ ಇಡೀ ನಿಂಬೆಹಸಿರು. ಜೇಡ್ ಅಂದರೆ ಪಟ್ಟೆಯಿಲ್ಲದ ಕಡು ಹಸಿರು, ಬೆಳಕು ಕಡಿಮೆ ಇರುವ ಮನೆಗೆ ನಾನು ಇದನ್ನೇ ಹೇಳುತ್ತೇನೆ.

ಎಷ್ಟು ದಿನಕ್ಕೊಮ್ಮೆ ನೀರು ಹಾಕಬೇಕು?

ದಿನದ ಲೆಕ್ಕ ಇಟ್ಟುಕೊಳ್ಳಬೇಡಿ. ದೊಡ್ಡ ಕುಂಡ ನಿಧಾನವಾಗಿ ಒಣಗುತ್ತದೆ, ಮಣ್ಣಿನ ಕುಂಡ ಬೇಗ ಒಣಗುತ್ತದೆ, ಮೋಡ ಕವಿದ ದಿನಗಳಲ್ಲಿ ಒಣಗುವುದೇ ಇಲ್ಲ. ಪ್ರತಿ ಸೋಮವಾರ ನೀರು ಅಂತ ನಿಯಮ ಮಾಡಿಕೊಂಡರೆ ಒಂದು ವಾರ ಸಾಲದು, ಇನ್ನೊಂದು ವಾರ ಹೆಚ್ಚು.

ಬೆರಳನ್ನು ಎರಡು ಗೆಣ್ಣಿನಷ್ಟು ಮಣ್ಣಿನೊಳಗೆ ತೂರಿಸಿ. ತಣ್ಣಗೆ ಅಂಟಿದರೆ ಇನ್ನೂ ಬೇಡ. ಒಣಗಿದ್ದರೆ ಧಾರಾಳವಾಗಿ ಹಾಕಿ, ಕೆಳಗಿನ ತೂತಿನಿಂದ ಹರಿದು ಬರುವ ತನಕ. ತಟ್ಟೆಯಲ್ಲಿ ನಿಂತ ನೀರು ಚೆಲ್ಲಿಬಿಡಿ. ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ನೀರು ಹಾಕಿದ ದಿನ ಕುಂಡವನ್ನು ಒಮ್ಮೆ ಎತ್ತಿ ನೋಡಿ. ಒಣಗಿದ ಮೇಲೆ ಮತ್ತೆ ಎತ್ತಿ. ಆ ತೂಕದ ವ್ಯತ್ಯಾಸ ಕೈಗೆ ಒಮ್ಮೆ ಗೊತ್ತಾದರೆ ಮತ್ತೆ ಬೆರಳು ತೂರಿಸುವುದೂ ಬೇಡ.

ಬಾಯಾರಿದ ಗಿಡ ತಾನೇ ಹೇಳುತ್ತದೆ. ಎಲೆಯ ಬಿಗುವು ಹೋಗಿ ಮೆತ್ತಗೆ ಜೋತುಬೀಳುತ್ತದೆ. ನೀರು ಕೊಟ್ಟರೆ ಸಾಮಾನ್ಯವಾಗಿ ಒಂದು ದಿನದೊಳಗೆ ಎದ್ದು ನಿಲ್ಲುತ್ತದೆ. ಆದರೆ ಮಣ್ಣು ಒದ್ದೆಯಿದ್ದೂ ಎಲೆ ಜೋತುಬಿದ್ದಿದ್ದರೆ ನೀರು ಹಾಕಲೇಬೇಡಿ. ಬೇರು ಕೊಳೆತಿರುವ ಲಕ್ಷಣ ಅದು.

ಎಲೆ ಹಳದಿ ಆಗಿ ಉದುರ್ತಿದೆ. ಗಿಡ ಸಾಯ್ತಿದೆಯಾ?

ಬುಡದ ಹಳೆಯ ಎಲೆ ಒಂದೆರಡು ಹಳದಿಯಾದರೆ ಚಿಂತೆ ಬೇಡ, ಅದು ಸಹಜ. ಒಟ್ಟಿಗೆ ಹಲವು ಎಲೆ ಹಳದಿಯಾದರೆ ಹತ್ತರಲ್ಲಿ ಒಂಬತ್ತು ಸಲ ನೀರು ಜಾಸ್ತಿಯಾಗಿರುತ್ತದೆ.

ಅನುಮಾನ ಬಂದರೆ ಗಿಡವನ್ನು ಕುಂಡದಿಂದ ಹೊರತೆಗೆದು ನೋಡಿ. ಒಳ್ಳೆಯ ಬೇರು ಬಿಳಿಯಾಗಿ, ಇಲ್ಲವೇ ತೆಳು ಕಂದು ಬಣ್ಣದಲ್ಲಿ ಗಟ್ಟಿಯಾಗಿರುತ್ತದೆ. ಕೊಳೆತ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆದರೆ ಸಿಪ್ಪೆ ಕೈಗೆ ಬಂದು ಒಳಗಿನ ನೂಲಿನಂಥ ಎಳೆ ಮಾತ್ರ ಉಳಿಯುತ್ತದೆ. ಕೆಟ್ಟ ವಾಸನೆಯೂ ಇರುತ್ತದೆ. ಕೊಳೆತದ್ದನ್ನೆಲ್ಲ ಚೊಕ್ಕ ಕತ್ತರಿಯಿಂದ ತೆಗೆದು, ಹಳೆ ಮಣ್ಣು ಎಸೆದು, ಹೊಸ ಮಣ್ಣಿನಲ್ಲಿ ಸಣ್ಣ ಕುಂಡಕ್ಕೆ ನೆಡಿ. ಬೇರು ಏನೂ ಉಳಿದಿಲ್ಲ ಅನ್ನುವ ಹಾಗಿದ್ದರೂ ಕೈಬಿಡಬೇಡಿ. ಮೇಲಿನ ಗಟ್ಟಿ ಕಾಂಡದ ತುಂಡುಗಳು ನೀರಲ್ಲಿ ಮತ್ತೆ ಬೇರು ಬಿಡುತ್ತವೆ.

ಎಲೆಯ ತುದಿ ಮಾತ್ರ ಕಂದಾಗಿ ಒಣಗಿದರೆ ಕಾರಣ ಬೇರೆ. ಗಾಳಿ ತುಂಬ ಒಣಗಿರಬಹುದು, ಅಥವಾ ಗೊಬ್ಬರದ ಉಪ್ಪು ಮಣ್ಣಲ್ಲಿ ಕೂತಿರಬಹುದು. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಉಪ್ಪೇ. ಸಿಹಿನೀರು ಧಾರಾಳವಾಗಿ ಹರಿಸಿ ತೊಳೆಯಿರಿ.

ಎಂಥ ಮಣ್ಣು?

ಬೇರಿಗೆ ಗಾಳಿ ಸಿಗುವ ಮಣ್ಣು. ನಾನು 2 ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), 1 ಪಾಲು ಎರೆಗೊಬ್ಬರ, 1 ಪಾಲು ಪರ್ಲೈಟ್ (ಹಗುರವಾದ ಬಿಳಿ ಹರಳು) ಇಲ್ಲವೇ ದಪ್ಪ ಮರಳು ಬೆರೆಸುತ್ತೇನೆ. ಬರೀ ತೋಟದ ಜೇಡಿಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಅದು ಬೇಡ. ಕುಂಡಕ್ಕೆ ತೂತು ಇರಲೇಬೇಕು. ಕುಂಡ ಬದಲಿಸುವಾಗ ಹಿಂದಿನದಕ್ಕಿಂತ 3ರಿಂದ 5 ಸೆಂ.ಮೀ. ಅಗಲ ಇದ್ದರೆ ಸಾಕು. ತುಂಬ ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣು ಒದ್ದೆಯಾಗಿಯೇ ಉಳಿಯುತ್ತದೆ.

ಗೊಬ್ಬರ?

ಹೊಸ ಚಿಗುರು ಬರುತ್ತಿರುವಾಗ ತಿಂಗಳಿಗೊಮ್ಮೆ ದ್ರವ ಗೊಬ್ಬರ, ಪೊಟ್ಟಣದ ಮೇಲೆ ಹೇಳಿದ್ದರ ಅರ್ಧದಷ್ಟು. ಚಳಿಗಾಲದಲ್ಲಿ ಬೇಡ. ಒಣಗಿದ ಮಣ್ಣಿಗೆ ಗೊಬ್ಬರ ಹಾಕಬೇಡಿ, ಮೊದಲು ನೀರು ಹಾಕಿ.

ಚಳಿ ತಡೆಯುತ್ತಾ?

ಇಷ್ಟವಾಗುವುದು 18ರಿಂದ 30 ಡಿಗ್ರಿ ಸೆಲ್ಸಿಯಸ್. 10 ಡಿಗ್ರಿಗಿಂತ ಕೆಳಗೆ ಹೋದರೆ ಎಲೆಗೆ ಏಟು ಬೀಳುತ್ತದೆ. ಏಸಿಯ ತಣ್ಣನೆ ಗಾಳಿ ನೇರವಾಗಿ ಬೀಸುವ ಜಾಗದಲ್ಲಿ ಇಡಬೇಡಿ.

ಒಂದು ಬಳ್ಳಿಯಿಂದ ಹೊಸ ಗಿಡ ಮಾಡೋದು ಹೇಗೆ? ಬರೀ ಎಲೆ ನೀರಲ್ಲಿಟ್ಟರೆ ಆಗಲ್ವಾ?

ಬರೀ ಎಲೆಯಿಂದ ಆಗುವುದಿಲ್ಲ. ಎಲೆಯ ತೊಟ್ಟು ನೀರಲ್ಲಿ ತಿಂಗಳುಗಟ್ಟಲೆ ಹಸಿರಾಗಿ ನಿಲ್ಲಬಹುದು, ಅಪರೂಪಕ್ಕೆ ಬೇರೂ ಬಿಡಬಹುದು. ಆದರೆ ಹೊಸ ಕುಡಿ ಹುಟ್ಟುವ ಮೊಗ್ಗು ಇರುವುದು ಗೆಣ್ಣಿನಲ್ಲಿ. ಗೆಣ್ಣಿಲ್ಲದ ಎಲೆ ಕೊನೆತನಕ ಒಂದೇ ಎಲೆ.

ಗೆಣ್ಣಿನ ಕೆಳಗೆ ಒಂದೆರಡು ಸೆಂ.ಮೀ. ಬಿಟ್ಟು ಕತ್ತರಿಸಿ. ಪ್ರತಿ ತುಂಡಿಗೂ ಒಂದು ಗೆಣ್ಣು, ಒಂದು ಎಲೆ ಇದ್ದರೆ ಸಾಕು. ಎರಡು ಗೆಣ್ಣು ಇದ್ದರೆ ಇನ್ನೂ ಭದ್ರ. ಗೆಣ್ಣು ನೀರಿನೊಳಗೆ, ಎಲೆ ಹೊರಗೆ. ನೀರಿನಲ್ಲಿ ಮುಳುಗುವ ಎಲೆ ಇದ್ದರೆ ತೆಗೆದುಬಿಡಿ, ಕೊಳೆತು ನೀರು ಕೆಡಿಸುತ್ತದೆ. ವಾರಕ್ಕೊಮ್ಮೆ ನೀರು ಬದಲಿಸಿ. ಬೆಚ್ಚಗಿನ ದಿನಗಳಲ್ಲಿ ಎರಡು ಮೂರು ವಾರದೊಳಗೆ ಬೇರು ಬರುತ್ತದೆ.

ಬೇರು 5ರಿಂದ 8 ಸೆಂ.ಮೀ. ಆದಾಗ ಮಣ್ಣಿಗೆ ಬದಲಿಸಿ. ತುಂಬ ದಿನ ನೀರಲ್ಲೇ ಬಿಟ್ಟರೆ ಬೇರು ನೀರಿಗೇ ಒಗ್ಗಿಕೊಂಡು ಮಣ್ಣಿನಲ್ಲಿ ಹೊಂದಿಕೊಳ್ಳಲು ತಡಮಾಡುತ್ತದೆ. ನೆಟ್ಟ ಮೊದಲ ಎರಡು ವಾರ ಮಣ್ಣು ಒಣಗಲು ಬಿಡಬೇಡಿ. ಒಂದು ಕುಂಡಕ್ಕೆ ಐದಾರು ತುಂಡು ಒಟ್ಟಿಗೆ ನೆಟ್ಟರೆ ಮೊದಲಿನಿಂದಲೇ ತುಂಬಿಕೊಂಡು ಕಾಣುತ್ತದೆ.

ನೀರಲ್ಲೇ ಬೆಳೆಸ್ತಾ ಹೋಗಬಹುದಾ?

ಹೋಗಬಹುದು, ವರ್ಷಗಟ್ಟಲೆ ಇರುತ್ತದೆ. ಆದರೆ ನೀರಲ್ಲಿ ಆಹಾರ ಇಲ್ಲ ಅನ್ನುವುದು ನೆನಪಿರಲಿ. ತಿಂಗಳಿಗೊಮ್ಮೆ ತುಂಬ ತೆಳುವಾದ ದ್ರವ ಗೊಬ್ಬರ ಸೇರಿಸಿ. ಪಾರದರ್ಶಕ ಬಾಟಲಿಯಲ್ಲಿ ಪಾಚಿ ಕಟ್ಟುತ್ತದೆ, ಬಣ್ಣದ ಬಾಟಲಿ ವಾಸಿ. ಮೀನಿನ ತೊಟ್ಟಿಯಲ್ಲಿ ಬೇರು ಇಳಿಬಿಟ್ಟರೆ ಮೀನಿನ ಹೊಲಸಿನಿಂದ ಬರುವ ನೈಟ್ರೇಟ್ ಹೀರಿಕೊಂಡು ಸೊಗಸಾಗಿ ಬೆಳೆಯುತ್ತದೆ. ಬೇರು ಕಿತ್ತು ತಿನ್ನುವ ಮೀನುಗಳಿದ್ದರೆ ಮಾತ್ರ ಬೇಡ.

ಬಳ್ಳಿ ಉದ್ದಕ್ಕೆ ಹೋಗಿದೆ, ಬುಡ ಬೋಳಾಗಿದೆ.

ಕತ್ತರಿಸಿ. ಹೆದರಬೇಡಿ. ಕುಡಿ ಕತ್ತರಿಸಿದರೆ ಕೆಳಗಿನ ಗೆಣ್ಣಿನಲ್ಲಿ ಮಲಗಿರುವ ಮೊಗ್ಗು ಏಳುತ್ತದೆ. ಕತ್ತರಿಸಿದ ತುಂಡುಗಳಿಗೆ ಬೇರು ಬರಿಸಿ ಅದೇ ಕುಂಡದ ಬೋಳು ಜಾಗದಲ್ಲಿ ನೆಡಿ.

ಬೆಳಿಗ್ಗೆ ಎಲೆ ತುದಿಯಲ್ಲಿ ನೀರಹನಿ ಇರುತ್ತೆ. ರೋಗಾನಾ?

ರೋಗ ಅಲ್ಲ. ರಾತ್ರಿ ಬೇರು ನೀರು ಎಳೆಯುತ್ತಲೇ ಇರುತ್ತದೆ, ಎಲೆಯಿಂದ ಆವಿಯಾಗುವುದು ಮಾತ್ರ ಕಡಿಮೆಯಾಗಿರುತ್ತದೆ. ಹೆಚ್ಚಾದ ನೀರನ್ನು ಗಿಡ ಎಲೆಯ ತುದಿಯಿಂದ ಹನಿಹನಿಯಾಗಿ ಹೊರಬಿಡುತ್ತದೆ. ದಿನಾ ಹನಿ ಕಂಡರೆ ಮಣ್ಣು ತುಂಬ ಒದ್ದೆಯಿದೆಯಾ ಅಂತ ಒಮ್ಮೆ ನೋಡಿ.

ಹುಳ ಬಿದ್ದರೆ?

ಎಲೆಯ ಕಂಕುಳಲ್ಲಿ ಹತ್ತಿಯಂತೆ ಬಿಳಿಯಾಗಿ ಅಂಟಿಕೊಂಡಿದ್ದರೆ ಹಿಟ್ಟು ತಿಗಣೆ. ಎಲೆಯ ಹಿಂದೆ ತೆಳುವಾದ ಬಲೆ, ಮೇಲೆ ಪುಟ್ಟ ಪುಟ್ಟ ಬಿಳಿ ಚುಕ್ಕೆ ಇದ್ದರೆ ನುಸಿ. ಮೊದಲು ಗಿಡವನ್ನು ಬೇರೆ ಗಿಡಗಳಿಂದ ದೂರ ಇಡಿ. ನಲ್ಲಿಯ ಕೆಳಗೆ ಎಲೆಯ ಎರಡೂ ಬದಿ ತೊಳೆಯಿರಿ. ಆಮೇಲೆ 1 ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ನಾಲ್ಕು ಸಲ ಮಾಡಬೇಕು. ಒಂದೇ ಸಲಕ್ಕೆ ಬಿಟ್ಟರೆ ಮೊಟ್ಟೆಗಳು ಒಡೆದು ಮತ್ತೆ ಬರುತ್ತವೆ. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣ ಹಾರಾಡಿದರೆ ಔಷಧಿ ಬೇಡ, ಮೇಲ್ಮಣ್ಣು ಒಣಗಲು ಬಿಡಿ.

ಮನಿ ಪ್ಲಾಂಟ್ ಹೂ ಬಿಡುತ್ತಾ?

ತಾನಾಗಿ ಬಿಡುವುದು ಬಹಳ ಬಹಳ ಅಪರೂಪ. 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಕಾರಣ ಹೇಳಿತು. ಹೂವಾಗಲು ಜಿಬ್ಬರೆಲಿನ್ ಎಂಬ ಹಾರ್ಮೋನು ಬೇಕು. ಈ ಗಿಡದಲ್ಲಿ ಅದನ್ನು ತಯಾರಿಸುವ ಒಂದು ಜೀನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹೊರಗಿನಿಂದ ಆ ಹಾರ್ಮೋನು ಕೊಟ್ಟಾಗ ಹೂವು ಬಂತು. ಬೀಜವಿಲ್ಲದೆಯೂ ಇದು ಇಷ್ಟು ದೇಶಗಳಿಗೆ ಹರಡಿರುವುದು ಬರೀ ಕಾಂಡದ ತುಂಡುಗಳಿಂದ. ನಿಮ್ಮ ಕಿಟಕಿಯ ಬಳ್ಳಿಯೂ ಹಾಗೆ ಕೈಯಿಂದ ಕೈಗೆ ದಾಟಿ ಬಂದದ್ದೇ. ನನಗೆ ಈ ಗಿಡದ ಮೇಲೆ ಇಷ್ಟು ಪ್ರೀತಿ ಇರಲು ಇದೂ ಒಂದು ಕಾರಣ.

ಮನೆಯ ಗಾಳಿ ಶುದ್ಧ ಮಾಡುತ್ತಂತೆ, ನಿಜಾನಾ?

ಈ ಮಾತು ಹರಡಿದ್ದು 1989ರ ನಾಸಾ ವರದಿಯಿಂದ. ಬೆನ್ಜೀನ್‌ನಂಥ ರಾಸಾಯನಿಕಗಳನ್ನು ಗಿಡಗಳು ಹೀರುತ್ತವೆ ಅಂತ ಅದರಲ್ಲಿತ್ತು. ಆದರೆ ಪ್ರಯೋಗ ನಡೆದದ್ದು ಪೂರ್ತಿ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ. ಮನೆ ಹಾಗಿರುವುದಿಲ್ಲ, ಅಲ್ವಾ? ಇಂಥ ಹಲವು ಪ್ರಯೋಗಗಳನ್ನು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದಾಗ, ಕಟ್ಟಡದೊಳಗೆ ಸಹಜವಾಗಿ ಗಾಳಿ ಆಡುವುದಕ್ಕೆ ಸಮನಾಗಬೇಕಾದರೆ 1 ಚದರ ಮೀಟರಿಗೆ 10ರಿಂದ 1,000 ಗಿಡ ಬೇಕು ಅಂತ ತಿಳಿಯಿತು. ಕಿಟಕಿ ತೆರೆಯಿರಿ, ಅದೇ ಒಳ್ಳೆಯದು. ಗಿಡವನ್ನು ಗಿಡವಾಗಿಯೇ ಇಷ್ಟಪಡಿ.

ಮಕ್ಕಳು, ಬೆಕ್ಕು, ನಾಯಿ ಇರೋ ಮನೆಯಲ್ಲಿ ಇಡಬಹುದಾ?

ಕೈಗೆ, ಬಾಯಿಗೆ ಸಿಗದ ಎತ್ತರದಲ್ಲಿ ಇಡಿ. ಎಲೆ, ಕಾಂಡ ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿವೆ. ಕೆಸು ಮುಟ್ಟಿದರೆ ತುರಿಸುವುದೂ ಇಂಥದೇ ಹರಳಿನಿಂದ. ಜಗಿದರೆ ಬಾಯಿ, ನಾಲಗೆ ಉರಿಯುತ್ತದೆ, ಊದಿಕೊಳ್ಳುತ್ತದೆ. ಬೆಕ್ಕು ನಾಯಿಗಳು ಜೊಲ್ಲು ಸುರಿಸುತ್ತವೆ, ವಾಂತಿ ಮಾಡುತ್ತವೆ. ಬಾಯಿ ತೊಳೆಸಿ. ಊತ ಬಂದರೆ, ಉಸಿರಾಟ ಕಷ್ಟವಾದರೆ ತಡಮಾಡದೆ ವೈದ್ಯರ ಹತ್ತಿರ ಹೋಗಿ. ಕತ್ತರಿಸುವಾಗ ಸೋರುವ ರಸದಿಂದ ಕೆಲವರಿಗೆ ಚರ್ಮ ಕೆರೆಯುತ್ತದೆ, ಕೈ ತೊಳೆದುಕೊಳ್ಳಿ.

ಹೊರಗಿನ ಮರಕ್ಕೆ ಹಬ್ಬಿಸಿದರೆ ಎಲೆ ಇನ್ನೂ ದೊಡ್ಡದಾಗುತ್ತೆ ಅಲ್ವಾ?

ಆಗುತ್ತದೆ. ಆದರೂ ಬೆಚ್ಚಗಿನ, ಮಳೆ ಬೀಳುವ ಜಾಗಗಳಲ್ಲಿ ಇದನ್ನು ಸಡಿಲಬಿಡಬೇಡಿ. ಶ್ರೀಲಂಕಾ, ಹವಾಯಿ, ಫ್ಲಾರಿಡಾಗಳಲ್ಲಿ ತೋಟದಿಂದ ಹೊರಬಿದ್ದು ಕಾಡಿಗೆ ನುಗ್ಗಿದೆ. ನೆಲವನ್ನೆಲ್ಲ ಹೊದ್ದುಕೊಂಡು ಅಲ್ಲಿನ ಸ್ವಂತ ಗಿಡಗಳ ಸಸಿ ಏಳದ ಹಾಗೆ ಮಾಡುತ್ತದೆ, ಮರಗಳನ್ನೂ ಮುಚ್ಚುತ್ತದೆ. ಒಂದು ಗೆಣ್ಣಿನ ತುಂಡು ಬಿದ್ದರೂ ಬೇರೂರುವ ಗಿಡ ಇದು. ಅಂಗಳದ ಮರಕ್ಕೆ ಹಬ್ಬಿಸಲೇಬೇಕಿದ್ದರೆ ಬುಡ ಕುಂಡದಲ್ಲೇ ಇರಲಿ, ನೆಲಕ್ಕೆ ಇಳಿದ ಕುಡಿಯನ್ನು ಆಗಾಗ ಕತ್ತರಿಸುತ್ತಿರಿ. ಕತ್ತರಿಸಿದ ತುಂಡುಗಳನ್ನು ತೋಡಿಗೆ, ಪೊದೆಗೆ ಎಸೆಯಬೇಡಿ. ಬೇಕಾದವರಿಗೆ ಕೊಡಿ. ಉಳಿದದ್ದನ್ನು ಬಿಸಿಲಿನಲ್ಲಿ ಹರಡಿ, ಮುರಿದರೆ ಪಟ್ಟೆಂದು ಮುರಿಯುವಷ್ಟು ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ.